ಒಂದೇ ಹಾಡು, ಮೂರು ಶನಿವಾರ: ಎಲೆಕ್ಟ್ರಾನಿಕ್ ಡ್ರಮ್ಸ್ ಮನೆಯಲ್ಲೇ ರೆಕಾರ್ಡ್ ಮಾಡಿ ನೋಡಿದ್ದು

ಡ್ರಮ್ಸ್ ಬಾರಿಸಲು ನನಗೆ ವಾರಕ್ಕೆ ಸಿಗುವುದು ಎರಡೇ ಗಂಟೆ. ಶನಿವಾರ ಸಂಜೆ ಆರರಿಂದ ಎಂಟು. ಎಂಟಾದರೆ ಕೆಳಗಡೆ ಓನರ್ ಆಂಟಿ ಟಿವಿ ಮುಂದೆ ಕೂರುತ್ತಾರೆ. ಆಮೇಲೆ ನನ್ನ ಕಿಕ್ ಪೆಡಲ್ ಅವರ ಸೀಲಿಂಗ್‌ನಲ್ಲಿ ದಬ್ ದಬ್ ಅನ್ನುವ ಹಾಗಿಲ್ಲ. ಈ ಎರಡು ಗಂಟೆಯಲ್ಲೂ ಮುಕ್ಕಾಲು ಗಂಟೆ ಕೇಬಲ್ ಹುಡುಕಿ, ಡ್ರೈವರ್ ಜೊತೆ ಗುದ್ದಾಡಿ, 'ಸೌಂಡ್ ಯಾಕೆ ಬರ್ತಿಲ್ಲ' ಅಂತ ತಲೆ ಕೆರೆದುಕೊಳ್ಳುವುದಕ್ಕೇ ಹೋದರೆ ಬಾರಿಸುವುದು ಯಾವಾಗ?

ಹಾಗಾಗಿ ಒಂದು ಪರೀಕ್ಷೆ ಇಟ್ಟುಕೊಂಡೆ. ಗೆಳೆಯನೊಬ್ಬ ರಾಗ ಹಾಕಿದ ಭಾವಗೀತೆ, 6/8 ನಡೆ, ನಾಲ್ಕು ನಿಮಿಷ. ಅದನ್ನೇ ಮೂರು ಶನಿವಾರ ಮೂರು ರೀತಿಯಲ್ಲಿ ರೆಕಾರ್ಡ್ ಮಾಡಿದೆ. ನನ್ನದು ಕಡಿಮೆ ಬೆಲೆಯ ಮೆಶ್ ಹೆಡ್ (ಚರ್ಮದ ಬದಲು ಬಲೆ ಬಿಗಿದ ಪ್ಯಾಡ್) ಕಿಟ್. ಅದರ ಮಾಡ್ಯೂಲ್‌ನಲ್ಲಿ, ಅಂದರೆ ಪೆಟ್ಟಿಗೆ ತಕ್ಕ ಶಬ್ದ ಕೊಡುವ ಡಬ್ಬಿಯಲ್ಲಿ, ಶಬ್ದ ಹೊರಗೆ ಕೊಡುವ ಎಡ-ಬಲ ಎರಡು ಲೈನ್ ಔಟ್ ಇವೆ, ಯುಎಸ್‌ಬಿಯಲ್ಲಿ ಬರುವುದು ಮಿಡಿ, ಅಂದರೆ ಶಬ್ದವಲ್ಲ, ಪೆಟ್ಟಿನ ಮಾಹಿತಿ ಮಾತ್ರ. ಜೊತೆಗೆ ಶಬ್ದವನ್ನು ಕಂಪ್ಯೂಟರ್‌ಗೆ ಕಳಿಸುವ, ಎರಡು ಇನ್‌ಪುಟ್‌ನ ಆಡಿಯೋ ಇಂಟರ್‌ಫೇಸ್, ವಯಸ್ಸಾದ ಒಂದು ಲ್ಯಾಪ್‌ಟಾಪ್, ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್.

ಮೊದಲನೇ ವಾರ ಲೈನ್ ಔಟ್. ಎರಡು ದಪ್ಪ ಪಿನ್‌ನ ಕೇಬಲ್, ಮಾಡ್ಯೂಲ್‌ನಿಂದ ಇಂಟರ್‌ಫೇಸ್‌ಗೆ. ಅಷ್ಟೇ. ಇನ್‌ಪುಟ್ ಸ್ವಿಚ್ ಗಿಟಾರ್ ಕಡೆ ಇರದೆ ಲೈನ್ ಕಡೆ ಇದೆಯಾ ಅಂತ ನೋಡಿಕೊಂಡರೆ ಸಾಕು. ಕಿಟ್ ಆನ್ ಮಾಡಿ ನಾಲ್ಕು ನಿಮಿಷಕ್ಕೆ ಮೊದಲ ಟೇಕ್ ಶುರು. ಕಿವಿಗೆ ಕೇಳಿದ್ದೇ ರೆಕಾರ್ಡ್ ಆಗುತ್ತದೆ, ಕಂಪ್ಯೂಟರ್‌ಗೂ ಹೆಚ್ಚು ಕೆಲಸವಿಲ್ಲ. ಸುಖ ಅಂದರೆ ಇದು.

ಕಷ್ಟ ಗೊತ್ತಾಗಿದ್ದು ಮಾರನೇ ದಿನ, ಹಾಡಿನ ಜೊತೆ ಕೂರಿಸುವಾಗ. ಸ್ನೇರ್ ಜೋರಾಗಿತ್ತು, ಹಾಡುವವಳ ದನಿಯನ್ನೇ ನುಂಗುತ್ತಿತ್ತು. ಅದೊಂದನ್ನೇ ಇಳಿಸೋಣ ಅಂದರೆ ಆಗಲ್ಲ. ಕಿಕ್, ಸ್ನೇರ್, ಸಿಂಬಲ್ ಎಲ್ಲ ಒಂದೇ ಟ್ರ್ಯಾಕ್‌ನಲ್ಲಿ ಬೆರೆತುಹೋಗಿವೆ. ಚಿತ್ರಾನ್ನ ಕಲಸಿ ಆದ ಮೇಲೆ ಉಪ್ಪು ಜಾಸ್ತಿ ಆಯ್ತು ಅಂತ ಗೊತ್ತಾದ ಹಾಗೆ. ಈಕ್ಯೂ (ಶಬ್ದದ ಮಂದ್ರ-ತಾರ ಭಾಗಗಳನ್ನು ಏರಿಸಿ ಇಳಿಸುವ ಸಾಧನ) ಹಾಕಿ ಸ್ನೇರ್ ತಗ್ಗಿಸಿದರೆ ಹೈ-ಹ್ಯಾಟ್ ಕೂಡ ಮಂಕಾಯಿತು. ಬಾರಿಸುವಾಗಿನ ವಿಡಿಯೋ ಹಾಕುವವರಿಗೆ, ಅಭ್ಯಾಸ ಕೇಳಿಸಿಕೊಳ್ಳುವವರಿಗೆ ಈ ದಾರಿ ಸಾಕು, ಮುಂದೆ ಓದಬೇಕಾಗಿಯೇ ಇಲ್ಲ. ಹಾಡು ಮಾಡುವವರಿಗೆ ಸಾಲದು.

ಎರಡನೇ ವಾರ ಮಿಡಿ. ಇದರಲ್ಲಿ ಶಬ್ದ ರೆಕಾರ್ಡ್ ಆಗುವುದಿಲ್ಲ. ಯಾವ ಪ್ಯಾಡ್, ಯಾವಾಗ, ಎಷ್ಟು ಜೋರು ಎಂಬುದು ಮಾತ್ರ ಹೋಗುತ್ತದೆ. ಪ್ರತಿ ಪ್ಯಾಡ್‌ಗೂ ಒಂದು ನಂಬರ್: ಸಾಮಾನ್ಯವಾಗಿ ಕಿಕ್ ಅಂದರೆ 36, ಸ್ನೇರ್ ಅಂದರೆ 38, ಮುಚ್ಚಿದ ಹೈ-ಹ್ಯಾಟ್ 42. ಪೆಟ್ಟಿನ ಬಲ 1ರಿಂದ 127ರವರೆಗೆ. 1983ರಿಂದ ಇರುವ ವ್ಯವಸ್ಥೆ, ಆರ್ಕೆಸ್ಟ್ರಾಗಳಲ್ಲಿ ಆಕ್ಟೋಪ್ಯಾಡ್ ಬಾರಿಸುವವರಿಗೆ ಹೊಸದೇನಲ್ಲ. ಶಬ್ದ ಕೊಡುವುದು ಕಂಪ್ಯೂಟರ್‌ನಲ್ಲಿರುವ ಡ್ರಮ್ ಸಾಫ್ಟ್‌ವೇರ್. ಎಂಟಿ ಪವರ್ ಡ್ರಮ್ ಕಿಟ್ ಉಚಿತವಾಗಿ ಸಿಗುತ್ತದೆ, ಕಲಿಯಲು ಧಾರಾಳ ಸಾಕು. ಈಝೀಡ್ರಮ್ಮರ್, ಅಡಿಕ್ಟಿವ್ ಡ್ರಮ್ಸ್‌ಗೆ ದುಡ್ಡು ಕೊಡಬೇಕು. ಸುಪೀರಿಯರ್ ಡ್ರಮ್ಮರ್ 3ರ ಸ್ಯಾಂಪಲ್‌ಗಳೇ 200 ಜಿಬಿಗಿಂತ ಜಾಸ್ತಿ. ನನ್ನ ಲ್ಯಾಪ್‌ಟಾಪ್‌ಗೆ ಅದು ಕನಸಿನ ಮಾತು.

ಶಬ್ದದ ವಿಷಯದಲ್ಲಿ ಮೊದಲ ವಾರಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಸ್ನೇರ್ ಬೇಡವಾದರೆ ಬದಲಿಸಬಹುದು, ತಪ್ಪಿದ ಒಂದು ಪೆಟ್ಟನ್ನು ಸರಿಸಬಹುದು. ಆದರೆ ಬಾರಿಸುವಾಗ ಪ್ರಾಣ ಹೋಯಿತು. ನಾನು ಕೇಳಬೇಕಾದ ಶಬ್ದ ಲ್ಯಾಪ್‌ಟಾಪ್ ಸುತ್ತಿ ಬರಬೇಕಲ್ಲ. ಕಂಪ್ಯೂಟರ್ ಶಬ್ದವನ್ನು ಬಫರ್ ಅನ್ನುವ ಸಣ್ಣ ಕಂತುಗಳಲ್ಲಿ ಕೊಡುತ್ತದೆ, ಕಂತು ದೊಡ್ಡದಾದಷ್ಟೂ ತಡ. ಸೆಕೆಂಡಿಗೆ 44,100 ಸ್ಯಾಂಪಲ್ ದರದಲ್ಲಿ 512 ಸ್ಯಾಂಪಲ್ ಬಫರ್ ಅಂದರೆ 11.6 ಮಿಲಿಸೆಕೆಂಡ್, ಅದರ ಮೇಲೆ ಇಂಟರ್‌ಫೇಸ್, ಡ್ರೈವರ್ ಪಾಲು ಬೇರೆ. 128ಕ್ಕೆ ಇಳಿಸಿದರೆ 2.9 ಮಿಲಿಸೆಕೆಂಡ್, ಆದರೆ ಆಗ ಲ್ಯಾಪ್‌ಟಾಪ್ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಅನ್ನುತ್ತಿತ್ತು. ವಾಪಸ್ 512ಕ್ಕೇ ಹೋದೆ. ಅಭ್ಯಾಸ ಆಯ್ತು ಅಂದುಕೊಂಡೆ. ಗೆಳೆಯ ಕೇಳಿ, 'ಲೋ, ಎಲ್ಲಾ ಕಡೆ ಮುಂದೆ ಓಡ್ತಿದೀಯಲ್ಲೋ' ಅಂದ. ನೋಡಿದರೆ ನಿಜ. ಶಬ್ದ ತಡವಾಗಿ ಬರುತ್ತದೆ ಅಂತ ಕೈ ತಾನಾಗಿಯೇ ಸ್ವಲ್ಪ ಮುಂಚೆ ಹೊಡೆಯಲು ಕಲಿತಿತ್ತು!

ಇನ್ನೊಂದು ಸಮಸ್ಯೆ ತೆರೆಯ ಮೇಲೆ ಕಂಡಿತು. ಮಿಡಿ ಎಡಿಟರ್ ತೆರೆದರೆ ಸ್ನೇರ್‌ನ ಕಡ್ಡಿಗಳೆಲ್ಲ ಒಂದೇ ಎತ್ತರಕ್ಕೆ ಕಾಂಪೌಂಡ್ ಗೋಡೆಯ ಹಾಗೆ ನಿಂತಿದ್ದವು. ಎಲ್ಲ 127. ಮಧ್ಯೆ ಬೆರಳಲ್ಲಿ ಉದುರಿಸಿದ ಸಣ್ಣ ಪೆಟ್ಟುಗಳು ಕಾಣೆ. ಮೊದಲು ಸಾಫ್ಟ್‌ವೇರ್‌ನಲ್ಲೇ ಸರಿ ಮಾಡಲು ಹೊರಟೆ, ಅದು ದಡ್ಡತನ. ಪೆಟ್ಟು 127ಕ್ಕೆ ಮುಟ್ಟಿದ ಮೇಲೆ ಎಷ್ಟು ಜೋರಾಗಿ ಬಿತ್ತು ಅನ್ನುವ ಲೆಕ್ಕವೇ ಕಳೆದುಹೋಗಿರುತ್ತದೆ. ಸರಿ ಮಾಡಬೇಕಾದ್ದು ಮಾಡ್ಯೂಲ್‌ನಲ್ಲಿ. ಪ್ಯಾಡ್‌ನ ಸೆನ್ಸಿಟಿವಿಟಿ ಇಳಿಸುತ್ತಾ ಹೋದೆ, ನನ್ನ ಗಟ್ಟಿ ಪೆಟ್ಟು 110ರ ಆಸುಪಾಸು ಬರುವವರೆಗೆ. ಥ್ರೆಶೋಲ್ಡ್, ಅಂದರೆ ಪೆಟ್ಟು ಲೆಕ್ಕಕ್ಕೆ ಬರಲು ಬೇಕಾದ ಕನಿಷ್ಠ ಬಲ, ಒಂದು ಮೆಟ್ಟಿಲು ಕೆಳಗೆ ತಂದ ಮೇಲೆ ಸಣ್ಣ ಪೆಟ್ಟುಗಳು 20, 30 ಅಂತ ಕಾಣಿಸಿಕೊಂಡವು. ಈ ಒಂದು ಕೆಲಸಕ್ಕೆ ಅರ್ಧ ಗಂಟೆ ಹೋಯಿತು, ಆದರೆ ಸಾಫ್ಟ್‌ವೇರ್ ಕೊಂಡರೂ ಇಷ್ಟು ಬದಲಾವಣೆ ಸಿಗುತ್ತಿರಲಿಲ್ಲ.

ಮೂರನೇ ವಾರ ಪರಿಚಯದವರೊಬ್ಬರ ದೊಡ್ಡ ಕಿಟ್ ಎರವಲು ತಂದೆ. ಒಂದೇ ಯುಎಸ್‌ಬಿ ಕೇಬಲ್‌ನಲ್ಲಿ ಕಿಕ್, ಸ್ನೇರ್, ಟಾಮ್ ಎಲ್ಲ ಬೇರೆ ಬೇರೆ ಆಡಿಯೋ ಟ್ರ್ಯಾಕ್ ಆಗಿ ಬರುವಂಥದ್ದು. ತಡ ಇಲ್ಲ, ಉಪ್ಪು ಖಾರ ಎಲ್ಲ ಬೇರೆ ಬೇರೆ. ದುಡ್ಡಿದ್ದವರು ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ ಅನ್ನಬೇಕು ಅಂತಲೇ ಕೂತಿದ್ದೆ. ಆದರೆ ವಿಂಡೋಸ್‌ನಲ್ಲಿ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಂದು ಸಲಕ್ಕೆ ಒಂದೇ ಆಸಿಯೋ (ಕಡಿಮೆ ತಡದ ಆಡಿಯೋ) ಡ್ರೈವರ್ ಬಳಸುತ್ತದೆ. ಮಾಡ್ಯೂಲ್ ಆರಿಸಿದ ತಕ್ಷಣ ನನ್ನ ಇಂಟರ್‌ಫೇಸ್, ಅದಕ್ಕೆ ಸಿಕ್ಕಿಸಿದ್ದ ಸ್ಪೀಕರ್ ಎಲ್ಲ ಮೂಕ. ಕೇಳಬೇಕಾದರೆ ಡ್ರೈವರ್ ಬದಲಿಸು, ಬಾರಿಸಬೇಕಾದರೆ ಮತ್ತೆ ಬದಲಿಸು. ಜಾಗವೂ ತಿನ್ನುತ್ತದೆ. 24 ಬಿಟ್‌ನಲ್ಲಿ ಒಂದು ಮೊನೊ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8 ಎಂಬಿ. 12 ಟ್ರ್ಯಾಕ್, ನಾಲ್ಕು ನಿಮಿಷ ಅಂದರೆ ಒಂದು ಟೇಕ್‌ಗೆ 380 ಎಂಬಿ ಹತ್ತಿರ. ನಾನು ಒಂದು ಹಾಡಿಗೆ ಹತ್ತು ಟೇಕ್ ತೆಗೆಯುವ ಪೈಕಿ. ಮತ್ತೆ ಎಷ್ಟೇ ಟ್ರ್ಯಾಕ್ ಬಂದರೂ ಅವು ಆ ಮಾಡ್ಯೂಲ್‌ನ ಶಬ್ದಗಳೇ ಅಲ್ವಾ? ಸ್ನೇರ್ ಹಿಡಿಸದಿದ್ದರೆ ಬೇರೆ ಸ್ನೇರ್ ಬರುವುದಿಲ್ಲ. ಭಾನುವಾರವೇ ಕಿಟ್ ವಾಪಸ್ ಕೊಟ್ಟೆ.

ಕೊನೆಗೆ ನಾನು ನಿಂತಿದ್ದು ಒಂದು, ಎರಡರ ಬೆರಕೆಯಲ್ಲಿ. ಲೈನ್ ಔಟ್ ಇಂಟರ್‌ಫೇಸ್‌ಗೆ, ಯುಎಸ್‌ಬಿ ಲ್ಯಾಪ್‌ಟಾಪ್‌ಗೆ, ಎರಡೂ ಒಟ್ಟಿಗೆ ರೆಕಾರ್ಡ್. ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ ಆನ್ ಇಟ್ಟರೆ ಹೆಡ್‌ಫೋನ್‌ನಲ್ಲಿ ಮಾಡ್ಯೂಲ್‌ನದೇ ಶಬ್ದ ತಡವಿಲ್ಲದೆ ಕೇಳುತ್ತದೆ, ಕ್ಲಿಕ್ (ತಾಳದ ಟಿಕ್ ಟಿಕ್) ಲ್ಯಾಪ್‌ಟಾಪ್‌ನಿಂದ ಬರುತ್ತದೆ. ಡ್ರಮ್ ಸಾಫ್ಟ್‌ವೇರ್ ಆಗ ಮ್ಯೂಟ್. ಬಫರ್ ಎಷ್ಟಿದ್ದರೂ ಕೈ ಕೆಡುವುದಿಲ್ಲ. ಟೇಕ್ ಮುಗಿದ ಮೇಲೆ ಮಿಡಿಗೆ ಒಳ್ಳೆಯ ಡ್ರಮ್ ಶಬ್ದ ಕೊಡುವುದು. ಆಡಿಯೋ ಟ್ರ್ಯಾಕ್ ಸಾಕ್ಷಿಗೆ ಅಂತ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ದೊಡ್ಡದು ಮಾಡಿ ನೋಡಿದಾಗ ಮಿಡಿ ಕೆಲವು ಮಿಲಿಸೆಕೆಂಡ್ ಆಚೀಚೆ ಇತ್ತು, ಇಡೀ ಟ್ರ್ಯಾಕ್ ಒಂದೇ ಸಲ ಸರಿಸಿದೆ, ಕೂತಿತು.

ಎರಡೂ ಕೇಬಲ್ ಸಿಕ್ಕಿಸಿದ ಮೊದಲ ದಿನ ಹೆಡ್‌ಫೋನ್‌ನಲ್ಲಿ ಗುಂಯ್ ಅಂತ ಒಂದೇ ಸ್ವರ. ತಂಬೂರಿ ಅಂದುಕೊಂಡು ಸುಮ್ನೆ ಇರೋಣ ಅಂದರೆ ಶ್ರುತಿಯೂ ಸರಿ ಇಲ್ಲ. ಚಾರ್ಜರ್ ಕಿತ್ತರೆ ನಿಲ್ಲುತ್ತಿತ್ತು. ಗ್ರೌಂಡ್ ಲೂಪ್ ಅದು, ಎರಡು ದಾರಿಯಲ್ಲಿ ಅರ್ಥಿಂಗ್ ಸೇರಿ ಬರುವ ಗುಂಯ್. ಈಗ ಆ ಅರ್ಥಿಂಗ್ ಕೊಂಡಿ ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಇರುವ ಡಿಐ ಬಾಕ್ಸ್ ಲೈನ್ ಔಟ್ ಮತ್ತು ಇಂಟರ್‌ಫೇಸ್ ಮಧ್ಯೆ ಕೂತಿದೆ.

ಉಳಿದಿದ್ದು ಸಮಯದ ಲೆಕ್ಕ. ರೀಪರ್‌ನಲ್ಲಿ ಒಂದು ಟೆಂಪ್ಲೇಟ್ ಉಳಿಸಿಟ್ಟಿದ್ದೇನೆ. ತೆರೆದರೆ ಕ್ಲಿಕ್, ಆಡಿಯೋ, ಮಿಡಿ ಟ್ರ್ಯಾಕ್ ಎಲ್ಲ ರೆಕಾರ್ಡ್‌ಗೆ ರೆಡಿ, ಎರಡು ಬಾರ್ ಕೌಂಟ್-ಇನ್ ಸಮೇತ. ಎಸ್.ಪಿ. ರೋಡ್‌ನಿಂದ ತಂದ ನಂಬರ್ ಪ್ಯಾಡ್ ಹೈ-ಹ್ಯಾಟ್ ಸ್ಟ್ಯಾಂಡ್‌ಗೆ ಕಟ್ಟಿದ್ದೇನೆ. ಒಂದು ಕೀ ರೆಕಾರ್ಡ್, ಒಂದು ನಿಲ್ಲಿಸು, ಒಂದು ಆ ಟೇಕ್ ಅಳಿಸು. ಸ್ಟೂಲ್‌ನಿಂದ ಏಳುವ ಹಾಗೇ ಇಲ್ಲ. ಕಿಟ್ ಕೆಳಗೆ ಎರಡು ಪ್ಲೈವುಡ್ ಹಲಗೆ, ಮಧ್ಯೆ ಟೆನಿಸ್ ಬಾಲ್‌ಗಳು. ಬರೀ ರಬ್ಬರ್ ಮ್ಯಾಟ್ ಹಾಕಿದ್ದಾಗ ಆಂಟಿ ಎರಡು ಸಲ ಮೇಲೆ ಬಂದಿದ್ದರು, ಬಾಲ್ ಇಟ್ಟ ಮೇಲೆ ಬಂದಿಲ್ಲ.

ಕಳೆದ ಶನಿವಾರ 6.05ಕ್ಕೆ ಸ್ವಿಚ್ ಹಾಕಿದೆ, 6.11ಕ್ಕೆ ಮೊದಲ ಟೇಕ್. ಹೈ-ಹ್ಯಾಟ್ ಮಾತ್ರ ಇನ್ನೂ ದಾರಿಗೆ ಬಂದಿಲ್ಲ. ಅರ್ಧ ತೆರೆದು ಬಾರಿಸಿದ್ದನ್ನು ಸಾಫ್ಟ್‌ವೇರ್ ಪೂರ್ತಿ ತೆರೆದಿದ್ದು ಅಂತಲೇ ತಿಳಿಯುತ್ತಿದೆ. ಪೆಡಲ್‌ನ ಸ್ಥಾನ ಹೇಳುವ ಮಿಡಿಯ 4ನೇ ಕಂಟ್ರೋಲ್‌ನ ಕರ್ವ್ ತಿದ್ದಬೇಕು. ಅದು ಈ ಶನಿವಾರದ ಕೆಲಸ, ಎಂಟರೊಳಗೆ.