ಪಂಪಿನ ಕಾಂಪೋಸ್ಟ್ ಟೀ, ಜೀವಾಮೃತ, ಬರೀ ಕಲಸಿದ ಗೊಬ್ಬರದ ನೀರು: ತಾರಸಿಯ ಮೇಲೆ ಮೂರರ ಹೋಲಿಕೆ

ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ ಕಳೆದ ಫೆಬ್ರವರಿಯಿಂದ ಮೇ ತಿಂಗಳವರೆಗೆ 12 ಚೀಲಗಳಲ್ಲಿ ಟೊಮೇಟೊ ಬೆಳೆಸಿ, ಮೂರು ಬಗೆಯ ದ್ರವಗೊಬ್ಬರಗಳನ್ನು ಅಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿದೆ. ಸಸಿಗಳೆಲ್ಲ ಒಂದೇ ಟ್ರೇಯವು. ಕೆಮ್ಮಣ್ಣು, ಕೋಕೋಪೀಟ್ ಮತ್ತು ಎರೆಗೊಬ್ಬರವನ್ನು ಒಂದೇ ಅಳತೆಯಲ್ಲಿ ಬೆರೆಸಿ ಎಲ್ಲ ಚೀಲಗಳನ್ನೂ ತುಂಬಿದ್ದೆ. ಮೂರು ಚೀಲಗಳಿಗೆ ಬರೀ ನೀರು, ಉಳಿದ ಮೂರು ಮೂರಕ್ಕೆ ಒಂದೊಂದು ದ್ರವ, ಹತ್ತು ದಿನಕ್ಕೊಮ್ಮೆ ಅರ್ಧ ಲೀಟರಿನಂತೆ. ಬರೀ ನೀರಿನ ಚೀಲಗಳನ್ನು ಇಟ್ಟುಕೊಳ್ಳದೆ ಮಾಡಿದ ಹೋಲಿಕೆಯಿಂದ ಏನೂ ತಿಳಿಯುವುದಿಲ್ಲವೆಂಬುದು ಹಿಂದಿನ ವರ್ಷಗಳಲ್ಲಿ ನನಗೆ ಮನವರಿಕೆಯಾಗಿತ್ತು, ಏಕೆಂದರೆ ಏನನ್ನು ಸುರಿದರೂ ಗಿಡ ಬೆಳೆಯುತ್ತದೆ, ಸುರಿದುದಕ್ಕೇ ಬೆಳೆಯಿತೆಂದು ನಾವು ನಂಬಿಬಿಡುತ್ತೇವೆ.

ಕಾಂಪೋಸ್ಟ್ ಟೀಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದಕ್ಕೆ ಹೆಚ್ಚು ಶ್ರಮ ಬೇಕು. ಅಮೆರಿಕದ ಮಣ್ಣಿನ ಜೀವವಿಜ್ಞಾನಿ ಎಲೈನ್ ಇಂಗಮ್ ಅವರು ಜನಪ್ರಿಯಗೊಳಿಸಿದ ಈ ವಿಧಾನದ ತಿರುಳೆಂದರೆ, ಒಳ್ಳೆಯ ಗೊಬ್ಬರದಲ್ಲಿರುವ ಸೂಕ್ಷ್ಮಜೀವಿಗಳಿಗೆ ಗಾಳಿಯನ್ನೂ ಸ್ವಲ್ಪ ಸಿಹಿಯನ್ನೂ ಕೊಟ್ಟು ಒಂದು ದಿನದಲ್ಲಿ ಅವುಗಳ ಸಂಖ್ಯೆಯನ್ನು ಹೆಚ್ಚಿಸುವುದು. ನಲ್ಲಿ ನೀರಿನ ಕ್ಲೋರಿನ್ ಹೋಗಲೆಂದು ಹತ್ತು ಲೀಟರ್ ನೀರನ್ನು ಬಾಯಿ ತೆರೆದ ಬಕೆಟ್ಟಿನಲ್ಲಿ ಇಡೀ ದಿನ ಬಿಟ್ಟು, ಹಳೆಯ ಪಂಚೆಯ ಬಟ್ಟೆಯಲ್ಲಿ ಒಂದು ಕೆ.ಜಿ. ಎರೆಗೊಬ್ಬರ ಕಟ್ಟಿ ಇಳಿಬಿಟ್ಟು, 30 ಗ್ರಾಂ ಬೆಲ್ಲ ಕರಗಿಸಿ, ಮೀನಿನ ತೊಟ್ಟಿಗೆ ಬಳಸುವ ಗಾಳಿಪಂಪಿನ, ಗುಳ್ಳೆ ಬಿಡುವ ಎರಡು ಕಲ್ಲುಗಳನ್ನು ತಳಕ್ಕೆ ಇಳಿಸುತ್ತಿದ್ದೆ. ಸರಿಯಾಗಿ ಆದ ದಿನ, ಇಪ್ಪತ್ತು ಗಂಟೆಗಳ ಹೊತ್ತಿಗೆ ಮೇಲೆ ಕಂದು ನೊರೆ ಕಟ್ಟಿ, ಬಗ್ಗಿದರೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತಿತ್ತು. ಆ ವಾಸನೆಗಾಗಿಯೇ ಇದನ್ನು ಮತ್ತೆ ಮತ್ತೆ ಮಾಡಬೇಕೆನ್ನಿಸುತ್ತದೆ.

ಆದರೆ ಬೇಸಿಗೆ ಏರಿದಂತೆ ಕಷ್ಟ ಶುರುವಾಯಿತು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಏಳೂವರೆಯಷ್ಟನ್ನು ಮಾತ್ರ ಹಿಡಿಯುತ್ತದೆ, ಅದೇ ಬಿಸಿಗೆ ಸೂಕ್ಷ್ಮಜೀವಿಗಳ ಉಸಿರಾಟ ಮಾತ್ರ ಚುರುಕಾಗುತ್ತದೆ. ಹೀಗಾಗಿ ಜನವರಿಯಲ್ಲಿ ಸಾಕಾಗುತ್ತಿದ್ದ ಪಂಪು ಏಪ್ರಿಲ್‌ನಲ್ಲಿ ಸೋಲುತ್ತದೆ. ಏಪ್ರಿಲ್ ಎರಡನೆಯ ವಾರ ಒಂದು ರಾತ್ರಿ ಮೂರು ಗಂಟೆ ಕರೆಂಟ್ ಇರಲಿಲ್ಲ. ಬೆಳಿಗ್ಗೆ ನೋಡಿದಾಗ ನೊರೆ ಕುಸಿದು, ಬಕೆಟ್ಟು ಚರಂಡಿಯ ಹಾಗೆ ನಾರುತ್ತಿತ್ತು. ಅಷ್ಟನ್ನೂ ಗೊಬ್ಬರದ ಗುಂಡಿಗೆ ಸುರಿದೆ.

ಜೀವಾಮೃತಕ್ಕೆ ಈ ಭಯವಿಲ್ಲ. ಶೂನ್ಯ ಬಂಡವಾಳದ ಸಹಜ ಕೃಷಿಯನ್ನು ಪ್ರಚಾರ ಮಾಡಿದ ಸುಭಾಷ್ ಪಾಳೇಕರ್ ಅವರು ಎಕರೆಗೆ ಹೇಳಿರುವ ಅಳತೆ 200 ಲೀಟರ್ ನೀರು, 10 ಕೆ.ಜಿ. ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, ಎರಡೆರಡು ಕೆ.ಜಿ. ಬೆಲ್ಲ ಮತ್ತು ದ್ವಿದಳಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಅದನ್ನೇ ಹತ್ತು ಲೀಟರಿಗೆ ಇಳಿಸಿ, ಹುರುಳಿ ಹಿಟ್ಟು ಹಾಕಿ, ನೆರಳಿನಲ್ಲಿ ಗೋಣಿತಾಟು ಮುಚ್ಚಿಟ್ಟು, ಬೆಳಿಗ್ಗೆ ಸಂಜೆ ಕೋಲಿನಿಂದ ತಿರುವಿದರೆ ಎರಡು ದಿನಕ್ಕೆ ಸಿದ್ಧ. ಸಗಣಿ, ಗಂಜಲ ನಮಗೆ ಪಕ್ಕದ ಬೀದಿಯ ಹಾಲಿನವರ ಕೊಟ್ಟಿಗೆಯಿಂದ ಸಿಗುತ್ತದೆ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಬೆಳೆಯುವವರಿಗೆ ಅದೂ, ಅದರ ವಾಸನೆಯೂ ತೊಡಕಾಗಬಹುದು. ಒಂದಕ್ಕೆ ಹತ್ತರಷ್ಟು ನೀರು ಬೆರೆಸಿ ಹಾಕುತ್ತಿದ್ದೆ.

ಮೂರನೆಯದಕ್ಕೆ ಹೆಸರೂ ಇಲ್ಲ. ಅಷ್ಟೇ ಎರೆಗೊಬ್ಬರವನ್ನು ಅಷ್ಟೇ ನೀರಿನಲ್ಲಿ ಹತ್ತು ನಿಮಿಷ ಚೆನ್ನಾಗಿ ಕಲಸಿ, ಸೋಸಿ, ಆ ಗಳಿಗೆಯಲ್ಲೇ ಬುಡಕ್ಕೆ ಹಾಕುವುದು. ಬೆಲ್ಲವಿಲ್ಲ, ಪಂಪಿಲ್ಲ, ಕಾಯುವಿಕೆಯಿಲ್ಲ.

ಮೇ ಕೊನೆಗೆ ತೂಗಿದಾಗ, ಮೂರು ಚೀಲಗಳ ಹಣ್ಣು ಸೇರಿ ಜೀವಾಮೃತದ್ದು 5.2 ಕೆ.ಜಿ., ಪಂಪಿನ ಟೀಯದ್ದು 4.3, ಕಲಸಿದ ನೀರಿನದು 4.2, ಬರೀ ನೀರಿನದು 3.6. ಮೂರೇ ಚೀಲಗಳಲ್ಲಿ 100 ಗ್ರಾಮಿನ ಅಂತರಕ್ಕೆ ಬೆಲೆ ಕೊಡಲಾಗದು. ಆದ್ದರಿಂದ ಪಂಪು ಮತ್ತು ಇಡೀ ದಿನದ ಕಾವಲು ನನ್ನ ಟೊಮೇಟೊಗೆ ಹೆಚ್ಚಿನದೇನನ್ನೂ ಕೊಡಲಿಲ್ಲವೆಂದೇ ನನ್ನ ತೀರ್ಮಾನ. ಟೀ ಸಿಂಪಡಿಸಿದರೆ ಎಲೆಯ ರೋಗ ತಡೆಯುತ್ತದೆಂಬ ಮಾತನ್ನು ನಂಬಿ ಎಲೆಗೂ ಹೊಡೆದಿದ್ದೆ. ಏಪ್ರಿಲ್ ಕೊನೆಯಲ್ಲಿ ಬಂದ ಅಂಗಮಾರಿ ಹನ್ನೆರಡೂ ಗಿಡಗಳ ಕೆಳಗಿನ ಎಲೆಗಳನ್ನು ಒಂದೇ ರೀತಿ ತಿಂದಿತು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ತೋಟಗಾರಿಕೆ ತಜ್ಞೆ ಲಿಂಡಾ ಚಾಕರ್-ಸ್ಕಾಟ್ ಅವರು ಈ ರೋಗತಡೆಯ ಮಾತಿಗೆ ಗಟ್ಟಿಯಾದ ಆಧಾರವಿಲ್ಲವೆಂದು ಬಹುಕಾಲದಿಂದ ಬರೆಯುತ್ತಿದ್ದಾರೆ.

ಜೀವಾಮೃತ ಗೆದ್ದುದನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಎಕರೆಗೆ 200 ಲೀಟರ್ ಎಂದರೆ ಒಂದು ಚದರ ಮೀಟರಿಗೆ ಸುಮಾರು 50 ಮಿಲಿಲೀಟರ್. ನಾನು ಒಂದಡಿ ಅಗಲದ ಚೀಲಕ್ಕೇ ನೀರಿನೊಡನೆ ಹೆಚ್ಚುಕಡಿಮೆ ಅಷ್ಟನ್ನೇ ಸುರಿಯುತ್ತಿದ್ದೆ, ಅಂದರೆ ಹೊಲಕ್ಕೆ ಬೀಳುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಎಲೆಗಳ ಆ ಕಡುಹಸಿರಿಗೆ ಗಂಜಲದ ಸಾರಜನಕವೇ ದೊಡ್ಡ ಕಾರಣವಿರಬೇಕೆಂದು ನನಗನ್ನಿಸುತ್ತದೆ, ಹೀಗಾಗಿ ನನ್ನ ಚೀಲಗಳ ಫಲಿತಾಂಶವನ್ನು ಹೊಲದ ರೈತರ ಮುಂದಿಡಲು ನಾನು ಸಿದ್ಧಳಿಲ್ಲ.

ಒಂದು ವಿಷಯದಲ್ಲಿ ಮಾತ್ರ ಬಿಗಿಯಾಗಿರಬೇಕು. ಬೆಲ್ಲ ಒಳ್ಳೆಯ ಜೀವಿಗಳನ್ನಷ್ಟೇ ಸಾಕುವುದಿಲ್ಲ; ಗೊಬ್ಬರ ಪೂರ್ತಿ ಕಳಿಯದಿದ್ದರೆ ಅದರಲ್ಲಿ ಉಳಿದಿರುವ ಇ. ಕೋಲಿಯಂಥ ರೋಗ ತರುವ ಬ್ಯಾಕ್ಟೀರಿಯಗಳೂ ಬೆಳೆಯುತ್ತವೆ. ಅಮೆರಿಕದ ರಾಷ್ಟ್ರೀಯ ಸಾವಯವ ಮಾನದಂಡ ಮಂಡಳಿಯ ಕಾರ್ಯಪಡೆ 2004ರಲ್ಲೇ ಸಿಹಿ ಬೆರೆಸಿದ ಟೀಯ ಬಗ್ಗೆ ಈ ಎಚ್ಚರಿಕೆ ಕೊಟ್ಟಿತ್ತು. ಹಸಿ ಸಗಣಿಯ ಜೀವಾಮೃತಕ್ಕೂ ಇದೇ ಎಚ್ಚರ ಸಲ್ಲುತ್ತದೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನ, ಮೂಲಂಗಿಗೆ ನಾನು ಎರಡನ್ನೂ ಹಾಕುವುದಿಲ್ಲ.

ಈ ಸಲ ಬದನೆ, ಹೀರೆ, ನಿಂಬೆ ಗಿಡಗಳ ಬುಡಕ್ಕೆ ಜೀವಾಮೃತ. ಬೇಯಿಸುವ ದಂಟು, ಪಾಲಕ್‌ಗೆ ಬೆಲ್ಲವಿಲ್ಲದ ಕಲಸಿದ ನೀರು. ಕೊತ್ತಂಬರಿಗೆ ನಡುವ ಮೊದಲೇ ಬೆರೆಸಿದ ಹಳೆಯ ಗೊಬ್ಬರವಷ್ಟೇ. ಪಂಪಿನ ಕಲ್ಲುಗಳ ರಂಧ್ರಗಳಲ್ಲಿ ಕಟ್ಟಿದ ಲೋಳೆಯನ್ನು ಹಳೆಯ ಬ್ರಷ್ಷಿನಿಂದ ಉಜ್ಜಿ, ಬಿಸಿಲಿನಲ್ಲಿ ಒಣಗಿಸಿ, ಮಹಡಿಯ ಕೋಣೆಯ ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ.