ಕೋಲಾರದ ಎಕ್ಸೆಲ್ ಕ್ಲಾಸ್: ಬಿ.ಕಾಂ., ಬಿಬಿಎ ಮಕ್ಕಳನ್ನು ಧಾರಾಳವಾಗಿ ಸೇರಿಸಬಹುದು

ಎಕ್ಸೆಲ್ ಕ್ಲಾಸ್ ಅಂದರೆ ಬಟನ್ ತೋರಿಸಿ, ಸರ್ಟಿಫಿಕೇಟ್ ಕೈಗಿಟ್ಟು ಕಳಿಸೋದು ಅಂತ ನಾನು ಅಂದುಕೊಂಡಿದ್ದೆ. ಕ್ಲಾಕ್ ಟವರ್ ಕಡೆಯ ಈ ಸೆಂಟರ್‌ನಲ್ಲಿ ಹಾಗಲ್ಲ. ತಮ್ಮ ಬಿ.ಕಾಂ. ಓದುತ್ತಿದ್ದಾನೆ, ಅವನ ಜೊತೆ ನಾನೂ ಹೋಗಿ ಕೂತಿದ್ದೆ.

ಮೇಷ್ಟ್ರು ಮೊದಲೇ ಕೆಡಿಸಿಟ್ಟ ಶೀಟ್ ಕೊಡುತ್ತಾರೆ. ಟೊಮೆಟೊ ಮಂಡಿ ಲೆಕ್ಕ: 15 ಕೆಜಿ ಬಾಕ್ಸ್ ಎಷ್ಟು, ರೇಟು ಎಷ್ಟು, ಕಮಿಷನ್ ಕಳೆದು ರೈತನಿಗೆ ಎಷ್ಟು. ಟೋಟಲ್ ನೋಡೋಕೆ ಸರಿಯಾಗೇ ಇರುತ್ತದೆ, ಆದರೆ ಕೈಲೆಕ್ಕಕ್ಕೆ ತಾಳೆ ಆಗಲ್ಲ. ಯಾಕೆ ಅಂತ ಹುಡುಕಬೇಕು. ಒಂದು ಸೆಲ್‌ನಲ್ಲಿ 450 ಅನ್ನೋದು ಎಡಗಡೆಗೆ ಅಂಟಿಕೊಂಡು ಕೂತಿತ್ತು, ಅಂದರೆ ಅದು ಅಂಕಿ ಅಲ್ಲ, ಅಕ್ಷರ, ಸಮ್ ಫಾರ್ಮುಲಾ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಆದರೆ ಎರಡು ಸೆಲ್ ಮಧ್ಯೆ ಪ್ಲಸ್ ಹಾಕಿ ಕೂಡಿದರೆ ಸೇರಿಸಿಕೊಳ್ಳುತ್ತದೆ! ಕಂಟ್ರೋಲ್ ಹಿಡಿದು 1ರ ಎಡಕ್ಕಿರುವ ಕೀ ಒತ್ತಿದರೆ ಶೀಟಿನ ಫಾರ್ಮುಲಾಗಳೆಲ್ಲ ಕಾಣುತ್ತವೆ. ಕಮಿಷನ್ ಕಾಲಂನಲ್ಲಿ ಒಂದು ಕಡೆ ಮಾತ್ರ ಯಾರೋ ಫಾರ್ಮುಲಾ ಅಳಿಸಿ ಸುಮ್ನೆ ಅಂಕಿ ಟೈಪ್ ಮಾಡಿದ್ದು ಹೀಗೇ ಸಿಕ್ಕಿತು.

ರೈನ್‌ಹಾರ್ಟ್, ರೋಗಾಫ್ ಕಥೆಯನ್ನೂ ಹೇಳಿದರು. ಈ ಅರ್ಥಶಾಸ್ತ್ರಜ್ಞರು 2010ರಲ್ಲಿ ದೇಶಗಳ ಸಾಲದ ಬಗ್ಗೆ ಬರೆದ ಲೇಖನದಲ್ಲಿ ಸರಾಸರಿಯ ಫಾರ್ಮುಲಾ 49ನೇ ಸಾಲಿನವರೆಗೆ ಹೋಗಬೇಕಿತ್ತು, 44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾ, ಕೆನಡಾ ಸೇರಿ 5 ದೇಶ ಹೊರಗೆ. 2013ರಲ್ಲಿ ಅದನ್ನು ಹಿಡಿದದ್ದು ಹರ್ನ್‌ಡನ್ ಅನ್ನೋ ಒಬ್ಬ ವಿದ್ಯಾರ್ಥಿ. (ಆ ಲೇಖನದಲ್ಲಿ ಬೇರೆ ತಕರಾರುಗಳೂ ಇದ್ದವು, ಎಲ್ಲವನ್ನೂ ಎಕ್ಸೆಲ್ ತಲೆಗೆ ಕಟ್ಟೋದು ನ್ಯಾಯ ಅಲ್ಲ.) ಇದನ್ನು ಕೇಳಿದ ಮೇಲೆ ಹುಡುಗರು ಟೋಟಲ್ ಸೆಲ್ ಮೇಲೆ ಡಬಲ್ ಕ್ಲಿಕ್ ಮಾಡಿ, ಫಾರ್ಮುಲಾ ಯಾವ ಸಾಲುಗಳನ್ನು ಹಿಡಿದಿದೆ ಅಂತ ತೋರಿಸುವ ಬಣ್ಣದ ಚೌಕ ಎಲ್ಲಿಯವರೆಗೆ ಇದೆ ಅಂತ ತಾವಾಗೇ ನೋಡತೊಡಗಿದರು.

ಕೊರತೆಯೂ ಇದೆ. ವಿಲುಕಪ್ (ಒಂದು ಪಟ್ಟಿಯಲ್ಲಿ ಹೆಸರು ಹುಡುಕಿ ಅದರ ಸಾಲಿನ ಮಾಹಿತಿ ತಂದುಕೊಡುವ ಫಾರ್ಮುಲಾ) ಪಾಠ ಓಡಿಸಿಬಿಟ್ಟರು. ಫಾರ್ಮುಲಾದ ಕೊನೆಯ ಆಯ್ಕೆಯನ್ನು ಬರೆಯದೇ ಬಿಟ್ಟರೆ, ಸರಿಯಾಗಿ ಹೊಂದುವುದು ಸಿಗದಿದ್ದರೂ ಹತ್ತಿರದ್ದನ್ನು ಹಿಡಿದು ತಪ್ಪು ಉತ್ತರ ಕೊಡಬಹುದು ಅಂತ ಒಂದೇ ಮಾತಲ್ಲಿ ಮುಗಿಸಿದರು, ಆಫೀಸುಗಳಲ್ಲಿ ಜಾಸ್ತಿ ಎಡವೋದೇ ಅಲ್ಲಿ ಅಲ್ವಾ? ತಪ್ಪು ಹುಡುಕಿಸುತ್ತಾರೆ ಸರಿ, ತಪ್ಪಾಗದ ಹಾಗೆ ಹೊಸ ಶೀಟ್ ಕಟ್ಟಿಸೋದು ಕಡಿಮೆ. ಕಮಿಷನ್ ದರವನ್ನು ಒಂದೇ ಸೆಲ್‌ನಲ್ಲಿಟ್ಟು ಎಲ್ಲ ಕಡೆ ಅದನ್ನೇ ಬಳಸಿ ಅಂತ ಮೊದಲ ದಿನವೇ ಹೇಳಬೇಕಿತ್ತು.

ಶನಿವಾರ ಒಂದು ಕಂಪ್ಯೂಟರ್‌ಗೆ ಇಬ್ಬರು, ಮೌಸ್ ಹಿಡಿದವನಿಗಷ್ಟೇ ಪಾಠ. ಸೇರುವುದಾದರೆ ಭಾನುವಾರದ ಬ್ಯಾಚ್ ಕೇಳಿ.