ರೀಫ್ ಟ್ಯಾಂಕಿನ ಸಂದಿಗೊಂದಿಯ ಗಾಜು: ಮ್ಯಾಗ್ನೆಟ್, ಉದ್ದ ಕೋಲು, ಹಳೇ ಕಾರ್ಡು, ಬಸವನಹುಳು

ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪು ನೀರಿನ ಅಕ್ವೇರಿಯಂ. ಅದರ ಮುಂದಿನ ಗಾಜು ಒರೆಸುವುದು ಯಾರಿಗೂ ಕಷ್ಟವಲ್ಲ. ಗಾಜಿನ ಒಳಗೊಂದು ಹೊರಗೊಂದು ಅರ್ಧ ಕೂರುವ ಒರೆಸುವ ಮ್ಯಾಗ್ನೆಟ್ ಹಿಡಿದು ಆಚೀಚೆ ಎಳೆದರೆ ಆಯ್ತು. ಪೇಚಾಟ ಇರುವುದು ಬೇರೆ ಕಡೆ. ಮರಳು ಗಾಜಿಗೆ ತಾಗುವ ಗೆರೆ, ಎರಡು ಗಾಜು ಕೂಡುವ ಮೂಲೆ, ಓವರ್‌ಫ್ಲೋ ಬಾಕ್ಸಿನ (ಮೇಲಿನ ನೀರು ಇಳಿದುಹೋಗುವ ಡಬ್ಬಿ) ಪಕ್ಕದ ಸಂದು, ಬಂಡೆಯ ಹಿಂದಿನ ಗಾಜು. ನನ್ನದು ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕ್. ಗಾಜು 12 ಮಿ.ಮೀ. ದಪ್ಪ. ತೋಳು ಪೂರ್ತಿ ಇಳಿಸಿದರೂ ಹಿಂದಿನ ಮೂಲೆಯ ತಳಕ್ಕೆ ಬೆರಳ ತುದಿ ಮಾತ್ರ ಮುಟ್ಟುತ್ತದೆ. ಅದೂ ಮೊಣಕೈ ಯಾವ ಹವಳಕ್ಕೂ ತಾಗದಂತೆ ಸರ್ಕಸ್ ಮಾಡಿದರೆ.

ಯಾವುದು ಒಳ್ಳೆಯದು ಅನ್ನೋದಕ್ಕಿಂತ ಮೊದಲು ಗಾಜಿನ ಮೇಲೆ ಏನು ಕೂತಿದೆ ಅಂತ ನೋಡಬೇಕು. ಕಂದು ಪುಡಿಯಂಥ ಡಯಾಟಮ್ ಪಾಚಿ ಆದರೆ ಬೆರಳಿನಲ್ಲಿ ಉಜ್ಜಿದರೂ ಹೋಗುತ್ತದೆ. ಹಸಿರು ಪೊರೆಗೆ ಸ್ವಲ್ಪ ಒತ್ತಡ ಬೇಕು. ನಿಜವಾದ ತಲೆನೋವು ಕೋರಲೈನ್ ಪಾಚಿ, ಅದೇ ಗುಲಾಬಿ-ನೇರಳೆ ಚುಕ್ಕೆಗಳು. ಅದರ ಮೈಯೆಲ್ಲ ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಮೋಸ್ ಗಡಸುತನದ ಅಳತೆಯಲ್ಲಿ ಈ ಸುಣ್ಣ ಸುಮಾರು 3, ಗಾಜು ಸುಮಾರು 5.5. ಹಾಗಾಗಿ ಕೋರಲೈನ್ ಗಾಜನ್ನು ಗೀರುವುದಿಲ್ಲ, ಆದರೆ ಪ್ಲಾಸ್ಟಿಕ್ಕನ್ನು ಸವೆಸಿಹಾಕುತ್ತದೆ. ಗಾಜಿಗೆ ಗೀರು ಬೀಳುವುದು ಮರಳಿನಲ್ಲಿ ಸೇರಿಕೊಂಡ ಸಿಲಿಕಾ ಹರಳಿನಿಂದ. ಅದರ ಗಡಸುತನ 7.

ಈಗ ಮ್ಯಾಗ್ನೆಟ್. ಕೈ ಒದ್ದೆಯಾಗುವುದಿಲ್ಲ ಅನ್ನೋದೇ ಅದರ ದೊಡ್ಡ ಗುಣ. ಬಟ್ಟೆ ಮಾತ್ರ ಇರುವ ತೇಲುವ ಮ್ಯಾಗ್ನೆಟ್ಟೂ ನನ್ನ ಹತ್ತಿರ ಇದೆ, ಒಂದು ಮಗ್ಗುಲು ಬಟ್ಟೆ ಇನ್ನೊಂದು ಮಗ್ಗುಲು ಬ್ಲೇಡ್ ಇರುವ ಫ್ಲಿಪ್ಪರ್ ಕೂಡ ಇದೆ. ಫ್ಲಿಪ್ಪರನ್ನು ನೀರಿನೊಳಗೇ ಮಗುಚಬಹುದು, ಹೊರಗೆ ತೆಗೆಯಬೇಕಿಲ್ಲ. ಪೊರೆ ತೆಗೆಯಲು ಎರಡೂ ಚೆನ್ನ. ಎಳೇ ಕೋರಲೈನ್ ಚುಕ್ಕೆಗೆ ಬ್ಲೇಡ್ ಇರುವುದೇ ಬೇಕು. ಕೊಳ್ಳುವಾಗ ಎಷ್ಟು ದಪ್ಪದ ಗಾಜಿಗೆ ಅಂತ ಡಬ್ಬಿಯ ಮೇಲೆ ಓದಲೇಬೇಕು. ಗಾಜು ದಪ್ಪವಾದಷ್ಟೂ ಹಿಡಿತ ಬೇಗ ಕಡಿಮೆಯಾಗುತ್ತದೆ. 8 ಮಿ.ಮೀ. ಗಾಜಿನ ಮೇಲೆ ಗಟ್ಟಿಯಾಗಿ ಕೂರುವ ಮ್ಯಾಗ್ನೆಟ್, 12ರ ಮೇಲೆ ಸುಮ್ನೆ ಜಾರಾಡುತ್ತದೆ.

ಆದರೆ ಸಂದಿಗೊಂದಿಗೆ ಬಂದರೆ ಮ್ಯಾಗ್ನೆಟ್ಟಿನ ಆಟ ಮುಗಿಯಿತು. ಮೂಲೆಯಲ್ಲಿ ಅದರ ಅಂಚು ಗಾಜುಗಳನ್ನು ಅಂಟಿಸಿರುವ ಸಿಲಿಕೋನಿಗೆ ತಾಗಿ ನಿಲ್ಲುತ್ತದೆ, ಬೆರಳಗಲ ಪಟ್ಟಿ ಹಾಗೇ ಉಳಿಯುತ್ತದೆ. ಮರಳಿನ ಗೆರೆಯ ಹತ್ತಿರವಂತೂ ನಾನು ಒಯ್ಯುವುದೇ ಇಲ್ಲ. ಒಂದೇ ಒಂದು ಹರಳು ಬಟ್ಟೆಗೆ ಸಿಕ್ಕಿಕೊಂಡರೂ ಸಾಕು, ಗಾಜಿನುದ್ದಕ್ಕೂ ಗೀರು ಬೀಳುತ್ತದೆ. ಆ ಗೀರು ಹೋಗುವುದೂ ಇಲ್ಲ. ಟ್ಯಾಂಕಿನ ಬೆನ್ನು ಗೋಡೆಗೆ ಅಂಟಿಕೊಂಡಿದ್ದರೆ ಹಿಂದಿನ ಗಾಜಿಗೂ ಇದರ ಉಪಯೋಗವಿಲ್ಲ, ಹೊರಗಿನ ಅರ್ಧ ಹಿಡಿಯಲು ಕೈ ಹೋಗಬೇಕಲ್ವಾ?

ಅಲ್ಲಿ ಗೆಲ್ಲುವುದು ಉದ್ದ ಹಿಡಿಯ ಸ್ಕ್ರೇಪರ್. ಎರಡಡಿ ಹಿಡಿ, ತುದಿಯಲ್ಲಿ ಬದಲಾಯಿಸಬಹುದಾದ ಬ್ಲೇಡ್. ಪ್ಲಾಸ್ಟಿಕ್ ಬ್ಲೇಡೂ ಸ್ಟೀಲ್ ಬ್ಲೇಡೂ ಹಾಕಲು ಬರುವಂಥದ್ದೇ ತಗೊಳ್ಳಿ. ಕೋರಲೈನಿಗೆ ಸ್ಟೀಲ್ ಬಿಟ್ಟರೆ ಗತಿಯಿಲ್ಲ. ಬ್ಲೇಡನ್ನು ನೆಟ್ಟಗೆ ನಿಲ್ಲಿಸಿ ಕೆರೆದರೆ ಅದು ಕುಣಿಯುತ್ತದೆ, ಪಾಚಿ ಹೋಗುವುದಿಲ್ಲ. ಕಾವಲಿಯಿಂದ ದೋಸೆ ಎಬ್ಬಿಸುವಂತೆ ಮಲಗಿಸಿ ಒಳಗೆ ನುಗ್ಗಿಸಬೇಕು. ಆಗ ಚುಕ್ಕೆ ಇಡಿಯಾಗಿ ಕಳಚಿಕೊಳ್ಳುತ್ತದೆ. ಮರಳಿನ ಗೆರೆಯಲ್ಲಿ ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಕೆಳಕ್ಕೆ ಬಂದರೆ ಬ್ಲೇಡ್ ಮರಳೊಳಗೆ ಹೋಗಿ, ಹರಳು ಹೊತ್ತು ಬರುತ್ತದೆ. ಈ ಕೆಲಸದ ಹೊತ್ತಿಗೆ ವೇವ್‌ಮೇಕರ್ (ನೀರಿಗೆ ಅಲೆ ಎಬ್ಬಿಸುವ ಪಂಪು) ಆಫ್ ಮಾಡುತ್ತೇನೆ. ಇಲ್ಲದಿದ್ದರೆ ಮರಳೆದ್ದು ಏನೂ ಕಾಣುವುದಿಲ್ಲ.

ಸ್ಟೀಲಿನ ಕಾಟ ಎರಡು. ಒಂದು ತುಕ್ಕು. ಉಪ್ಪು ನೀರಿನಿಂದ ತೆಗೆದ ಕೂಡಲೇ ಸಿಹಿ ನೀರಿನಲ್ಲಿ ತೊಳೆದು ಒರೆಸಿಡಬೇಕು. ಗೋಡೆಗೆ ಪುಟ್ಟಿ ಹಚ್ಚುವ ಪಟ್ಟಿಯನ್ನು ಹಾರ್ಡ್‌ವೇರ್ ಅಂಗಡಿಯಿಂದ ತಂದು ಇದಕ್ಕೆ ಬಳಸುವವರನ್ನು ನೋಡಿದ್ದೇನೆ. ಅಗ್ಗ ನಿಜ, ಆದರೆ ತುಕ್ಕು ಹಿಡಿದು ಅಂಚು ಮುಕ್ಕಾದ ಮೇಲೆ ಅದೇ ಗೀರು ಹಾಕಲು ಶುರು ಮಾಡುತ್ತದೆ. ಎರಡನೆಯದು ಸಿಲಿಕೋನ್. ಮೂಲೆಯ ಸಿಲಿಕೋನನ್ನು ಸ್ಟೀಲ್ ಬೆಣ್ಣೆಯಷ್ಟು ಸುಲಭವಾಗಿ ಕತ್ತರಿಸುತ್ತದೆ. ಅಂಚು ಎದ್ದರೆ ಪಾಚಿ ಅದರ ಅಡಿಗೇ ನುಗ್ಗುತ್ತದೆ, ಆಮೇಲೆ ಏನು ಮಾಡಿದರೂ ತೆಗೆಯಲು ಬರುವುದಿಲ್ಲ. ಗಾಜಿನ ಬದಲು ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಟ್ಯಾಂಕ್ ಇರುವವರು ಸ್ಟೀಲಿನ ಮಾತನ್ನೇ ಮರೆತುಬಿಡಿ.

ಮೂಲೆಗೆ ನನ್ನ ಆಯ್ಕೆ ಹಳೇ ಎಟಿಎಂ ಕಾರ್ಡು. ನಗಬೇಡಿ. ತೆಳು, ಬಾಗುತ್ತದೆ, ಮೂಲೆ ದುಂಡಗಿದೆ, ಸಿಲಿಕೋನಿಗೆ ಏನೂ ಮಾಡುವುದಿಲ್ಲ. ಚಿಪ್ ಇರುವ ತುಂಡನ್ನು ಕತ್ತರಿಸಿ ಎಸೆಯಿರಿ, ಲೋಹ ಉಪ್ಪು ನೀರಿಗೆ ಬೇಡ. ಓವರ್‌ಫ್ಲೋ ಪಕ್ಕದ ಸಂದಿನಲ್ಲಿ ಬೇರೆ ಯಾವುದೂ ಹೋಗದ ಕಡೆ ಇದು ಹೋಗುತ್ತದೆ. ಹಸಿರು ಪೊರೆಯನ್ನು ಹಾಳೆಯಂತೆ ಎಬ್ಬಿಸುತ್ತದೆ. ಕೋರಲೈನ್ ಮುಂದೆ ಮಾತ್ರ ಸೋಲು. ಅದಕ್ಕೇ ಮೂಲೆಯನ್ನು ಗಟ್ಟಿಯಾಗುವ ಮೊದಲೇ ನೋಡಿಕೊಳ್ಳಬೇಕು, ವಾರಕ್ಕೊಮ್ಮೆಯಾದರೂ. ಕೈ ಮುಟ್ಟದ ತಳದ ಮೂಲೆಗೆ ಅರ್ಧ ಇಂಚಿನ ಪಿವಿಸಿ ಪೈಪಿಗೆ ಹಲ್ಲುಜ್ಜುವ ಹೊಸ ಬ್ರಷ್ಷನ್ನು ಕೇಬಲ್ ಟೈ ಹಾಕಿ ಕಟ್ಟಿದ್ದೇನೆ. ಸಿಲಿಕೋನಿನ ಮೇಲಿನ ಹಸಿರಿಗೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಮೆಲಮೈನ್ ಸ್ಪಂಜನ್ನೂ ನೋಡಿದೆ. ಗಾಜು ಫಳಫಳ ಅನ್ನುತ್ತದೆ, ಆದರೆ ಸ್ಪಂಜೇ ಪುಡಿಪುಡಿಯಾಗಿ ನೀರಿಗೆ ಉದುರುತ್ತದೆ. ಬೇಡ ಅನ್ನಿಸಿತು.

ಇನ್ನು ಬಸವನಹುಳು. ಟ್ರೋಕಸ್ ಮತ್ತು ಟರ್ಬೊ, ಎರಡನ್ನೂ ಸಾಕಿದ್ದೇನೆ. ಟರ್ಬೊ ಜಾಸ್ತಿ ತಿನ್ನುತ್ತದೆ, ಆದರೆ ಬುಲ್ಡೋಜರ್. ಅಂಟಿಸದ ಹವಳದ ತುಂಡುಗಳನ್ನೆಲ್ಲ ರಾತ್ರಿ ಉರುಳಿಸಿ ಹೋಗುತ್ತದೆ. ಟ್ರೋಕಸ್ ಸಣ್ಣದು, ಅಂಗಾತ ಬಿದ್ದರೆ ತಾನೇ ತಿರುಗಿಕೊಳ್ಳುತ್ತದೆ, ನನಗೆ ಅದೇ ಇಷ್ಟ. ಬಂಡೆಯ ಹಿಂದೆ ನಿತ್ಯ ಹೋಗುವ ಕೆಲಸದಾಳು ಅಂದರೆ ಇವೇ. ಆದರೆ ಮೇಯ್ದ ದಾರಿ ಅಂಕುಡೊಂಕಾಗಿ ಕಾಣುತ್ತದೆ, ಮೂಲೆಯ ಕೊನೆ ಅಂಚನ್ನು ಬಿಡುತ್ತವೆ, ಕೋರಲೈನಿನ ತಂಟೆಗೆ ಹೋಗುವುದಿಲ್ಲ. ಕೋರಲೈನ್ ತಿನ್ನುವುದು ಸೀ ಅರ್ಚಿನ್, ಮುಳ್ಳುಚೆಂಡಿನಂಥ ಕಡಲಜೀವಿ. ಟಕ್ಸೀಡೊ ಅರ್ಚಿನ್ ಗಾಜನ್ನು ಚೆನ್ನಾಗಿ ಕೆರೆಯುತ್ತದೆ, ಜೊತೆಗೆ ಸಿಕ್ಕಿದ ಹವಳದ ತುಂಡು, ಚಿಪ್ಪು ಎಲ್ಲ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ದುಬಾರಿ ಹವಳ ಟೋಪಿಯಾಗಿ ಹೊರಟುಹೋಗುವುದನ್ನು ನೋಡಲು ಧೈರ್ಯ ಬೇಕು.

ಕೈ ಇಳಿಸುವಾಗ ಒಂದು ಎಚ್ಚರ. ಪ್ಯಾಲಿಥೋವಾ ಜಾತಿಯ ಹವಳಗಳು ಗಾಜಿಗೆ ಹಬ್ಬಿದ್ದರೆ ಬ್ಲೇಡ್ ತಾಗಿಸಬೇಡಿ. ಅವುಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಭಾರೀ ವಿಷ ಇರಬಹುದು, ಗಾಯಕ್ಕೂ ಕಣ್ಣಿಗೂ ಅಪಾಯ. ಉದ್ದ ಗ್ಲೌಸ್, ಕಣ್ಣು ಕಾಯುವ ಕನ್ನಡಕ ಹಾಕಿಕೊಳ್ಳಿ. ಬೆರಳಲ್ಲಿ ಸಣ್ಣ ಗೀರಿದ್ದರೂ ಆ ದಿನ ಕೆಲಸ ಮುಂದೂಡಿ.

ಹಿಂದಿನ ಗಾಜಿನ ವಿಷಯದಲ್ಲಿ ನಾನು ಎಲ್ಲ ಉಪಕರಣವನ್ನೂ ಬದಿಗಿಟ್ಟಿದ್ದೇನೆ. ಅಲ್ಲಿ ಕೋರಲೈನ್ ಹಬ್ಬಲಿ. ನೀರಿನ ಕ್ಯಾಲ್ಸಿಯಂ 420 ಪಿಪಿಎಂ, ಆಲ್ಕಲಿನಿಟಿ (ಕ್ಷಾರೀಯತೆ) 8.5 ಡಿಕೆಎಚ್ ಆಸುಪಾಸಿನಲ್ಲಿ ಹವಳಕ್ಕೆ ಅಂತ ಇಟ್ಟರೆ ಅದೂ ಬೆಳೆಯುವುದೇ. ನೇರಳೆ ಹಿನ್ನೆಲೆ ಕಪ್ಪು ಶೀಟಿಗಿಂತ ಚೆನ್ನಾಗಿಯೇ ಕಾಣುತ್ತದೆ. ಓವರ್‌ಫ್ಲೋ ಬಾಚಣಿಗೆಯ ಹಲ್ಲುಗಳನ್ನು ಮಾತ್ರ ಬಿಡುವುದಿಲ್ಲ, ಅವು ಮುಚ್ಚಿಕೊಂಡರೆ ನೀರು ಏರುತ್ತದೆ. ಅದನ್ನು ಕಳಚಿ ಬಿಳಿ ವಿನೆಗರಿನಲ್ಲಿ ನೆನೆಹಾಕಿದರೆ ಸುಣ್ಣವೆಲ್ಲ ಬುರುಬುರು ಅಂತ ಕರಗುತ್ತದೆ. ಚೆನ್ನಾಗಿ ತೊಳೆದು ವಾಪಸ್ ಹಾಕಿ. ಗಾಜು ಕೆರೆದ ದಿನ ಸಂಪಿನ (ನೀರು ಶುದ್ಧವಾಗುವ ಬೇರೆ ತೊಟ್ಟಿ) ಫಿಲ್ಟರ್ ಸಾಕ್ಸ್, ಅಂದರೆ ಕಸ ಹಿಡಿಯುವ ಬಟ್ಟೆ ಚೀಲ ಕೂಡ ಬದಲಾಯಿಸಿ, ಉದುರಿದ ಪುಡಿಯೆಲ್ಲ ಅಲ್ಲೇ ಬಂದು ಕೂತಿರುತ್ತದೆ.